ಹೊನ್ನುಹೊಳೆಯ ಸೀಗಡಿ

ರೇಷ್ಮೆ ನೂಲನ್ನು ಸೋಡಾ ನೀರಿನಲ್ಲಿ ಬೇಯಿಸುವ ವಾಸನೆ ಎಲ್ಲಿ ಮೂಗಿಗೆ ಬಡಿದರೂ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಬೇರೆಯವರಿಗೆ ಅದು ಮದುವೆ ಸೀರೆಯ ವಾಸನೆ. ನನಗೋ ಹೊನ್ನುಹೊಳೆಯ ದಂಡೆಯ ನಮ್ಮ ಹೆಂಚಿನ ಮನೆ, ಜಗುಲಿಯ ಮೇಲೆ ಒಣಗುತ್ತಿದ್ದ ಬಲೆಗಳು, ಸೊಂಟಕ್ಕೆ ಸೆರಗು ಬಿಗಿದು ಗದರುತ್ತಲೇ ಓಡಾಡುತ್ತಿದ್ದ ಕೆಂಚತ್ತೆ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬರುತ್ತವೆ. ಅವಳು ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ತವರಿಗೆ ಬಂದು ನಮ್ಮನ್ನೆಲ್ಲ ಆಳುತ್ತಿದ್ದಳು. ಅಪ್ಪ ಹಿಡಿದ ಮೀನನ್ನು ಕೊಳ್ಳೇಗಾಲದ ಸಂತೆಗೆ ಹೊರುವ ಮೊದಲು ಒಂದೊಂದರ ಕಿವಿರನ್ನೂ ಹೆಬ್ಬೆರಳಿನಿಂದ ಎತ್ತಿ ನೋಡುವಳು. ದಾಸವಾಳದಂತೆ ಕೆಂಪಗಿದ್ದರೆ ಬುಟ್ಟಿಗೆ. ಮಾಸಿದ್ದರೆ ಮಗುವಿನ ಹಣೆ ಸುಡುತ್ತಿದೆಯೆಂದು ಗಾಬರಿಯಾದ ತಾಯಿಯ ಹಾಗೆ ಹೊಳೆಯನ್ನೇ ದಿಟ್ಟಿಸುತ್ತ ನಿಂತುಬಿಡುವಳು.

ಹೊಳೆಯ ಮೇಲಿನ ತಿರುವಿನಲ್ಲಿ ಸಾಹುಕಾರರೊಬ್ಬರು ನೂಲು ಬೇಯಿಸಿ ಬಣ್ಣ ಹಾಕುವ ಮನೆ ಕಟ್ಟಿಸಿ, ಅದರ ಕೊಳೆನೀರನ್ನು ಹೊಳೆಗೇ ಬಿಟ್ಟ ವರ್ಷ ಮೊದಲು ಸತ್ತದ್ದು ಸೀಗಡಿ. ಗಾಜಿನಂತಿದ್ದ ಅವುಗಳ ಮೈ ಬೆಂದ ಅನ್ನದಂತೆ ಬೆಳ್ಳಗಾಗಿ ದಂಡೆಗೆ ಬಂದು ಬಿತ್ತು. ಆಮೇಲೆ ಮೀನಿಗೆ ಹುಣ್ಣು. ಅತ್ತೆ ಗುಂಡಿ ತೋಡಿಸಿ ಅವನ್ನೆಲ್ಲ ಹೂಳಿಸಿದಳು. ಮಕ್ಕಳು ನಾವು ಬರೀ ಉಪ್ಪು ಖಾರದಲ್ಲಿ ಮುದ್ದೆ ನುಂಗಿದೆವು.

"ಉಪ್ಪಾಕಿ ಒಣಗ್ಸುದ್ರೆ ಯಾರ್ಗಕ್ಕ ಗೊತ್ತಾಯ್ತದೆ?" ಎಂದ ಅಪ್ಪ.

"ತಿಂದ ಮಕ್ಳ ಒಟ್ಟೆಗೆ ಗೊತ್ತಾಯ್ತದೆ ಕಣ್ಲಾ!"

ಒಂದು ಬುಟ್ಟಿ ಹುಣ್ಣುಮೀನು ಹೊತ್ತು, ನನ್ನನ್ನೂ ಕರೆದುಕೊಂಡು ಅತ್ತೆ ಕೊಳ್ಳೇಗಾಲದಲ್ಲಿ ಅಧಿಕಾರಿಯೊಬ್ಬರ ಮುಂದೆ ನಿಂತಳು. ಆಗ ಕೊಳ್ಳೇಗಾಲ ಮದರಾಸಿನದು, ಯಳಂದೂರು ಮೈಸೂರಿನದು. ಆ ಅಧಿಕಾರಿ ಮೂಗಿಗೆ ಕರ್ಚೀಫು ಒತ್ತಿಕೊಂಡು, "ಈ ನೀರು ಮೈಸೂರು ಕಡೆಯಿಂದ ಬರೋದು. ಅಲ್ಲಿ ಹೋಗಿ ಹೇಳಮ್ಮ" ಎಂದರು. ಯಳಂದೂರಿಗೆ ಹೋದರೆ ಅಲ್ಲಿಯ ಅಧಿಕಾರಿ, "ಮೀನು ಸತ್ತಿರೋದು ಮದರಾಸಿನವರ ನೀರಲ್ಲಿ. ನಮಗೇನು ಸಂಬಂಧ?" ಎಂದರು.

ಅತ್ತೆ ಬುಟ್ಟಿಯನ್ನು ಅವರ ಜಗುಲಿಯ ಮೇಲೆ ಕುಕ್ಕಿದಳು. "ಅಂಗಾರೆ ಈ ಮೀನು ಯಾರ್ದು ಸಾ? ಯಾರೂ ದಿಕ್ಕಿಲ್ದೆ ಸತ್ತೋದ್ವಾ?"

ಉತ್ತರ ಬಂದದ್ದು ಕೆಲವು ವಾರಗಳ ನಂತರ, ಪೊಲೀಸಿನವರ ಜೊತೆ. ಬಲೆ ಹಾಕುವವರೇ ಹೊಳೆ ಕೆಡಿಸಿದರಂತೆ! ಬಣ್ಣದ ಮನೆಯವರು ತಮ್ಮ ಜಗುಲಿಯಲ್ಲಿ ಕೂತು ಕಾಫಿ ಕುಡಿಯುತ್ತ ನೋಡುತ್ತಿದ್ದಂತೆ ನಮ್ಮ ಬಲೆಗಳು ಪೊಲೀಸಿನವರ ಗಾಡಿ ಏರಿದವು. "ಬುಡ್ರೋ, ನಮ್ಮಪ್ಪ ಎಣ್ದಿರ ಬಲೆ ಅದು!" ಎಂದು ಅತ್ತೆ ಒಂದು ಬಲೆಯ ತುದಿ ಹಿಡಿದು ಜಗ್ಗಿದಳು. ಬಲೆ ಹರಿಯಿತು, ಅವಳ ಅಂಗೈ ಸೀಳಿತು. ನಿಮ್ಮೂರ ಹೊಳೆಯೂ ಹೀಗೆ ಕಣ್ಣೆದುರೇ ಕೆಟ್ಟಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾದೀತು.

ಹೊಟ್ಟೆಪಾಡಿಗೆ ನಾವು ಕೌದಳ್ಳಿ ಕಡೆಗೆ ಕೂಲಿಗೆ ಹೋದೆವು. ಕಂಡವರ ರಾಗಿಹೊಲದಲ್ಲಿ ಕಳೆ ಕೀಳುತ್ತ ಅತ್ತೆಯ ಗದರುವ ಗಂಟಲೂ ಅಡಗಿಹೋಯಿತು. ಅಲ್ಲೇ ತೀರಿಕೊಂಡಳು. ಮುಂದೆ ಆ ಗಡಿ ಅಳಿದು ಎರಡೂ ಸೀಮೆ ಒಂದಾದವು. ಅವಳ ಮಾತು ಕೇಳಬೇಕಾಗಿದ್ದ ಸಾಹೇಬರುಗಳು ಪಿಂಚಣಿ ಉಂಡು ಸುಖವಾಗಿ ಬದುಕಿದರು. ಅತ್ತೆ ಮಾತ್ರ ನೀರಿನ ಸದ್ದೇ ಕೇಳದ ಒಂದು ಒಣಹೊಲದ ಬದುವಿನಲ್ಲಿ ಮಲಗಿದ್ದಾಳೆ.