ಬೈಬಲಮ್ಮ ಹೇಳಿದ ಸಾಕ್ಷಿ

ಕಳೆದ ತಿಂಗಳು ಅವ್ವನ ಕಣ್ಣಿನ ಆಪರೇಷನ್ ಆಯಿತು. ಅವಳನ್ನು ನೋಡಿಕೊಳ್ಳಲೆಂದು ನಾಲ್ಕು ದಿನ ರಜೆ ಹಾಕಿ ನಾರಾಯಣಖೇಡಕ್ಕೆ ಹೊರಟಿದ್ದೆ. ತಾಂಡೂರಿನಿಂದ ಜಹೀರಾಬಾದಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನ ಮುದುಕಿಯೊಬ್ಬಳು ಸೀರೆಯನ್ನು ಮೊಣಕಾಲವರೆಗೆ ಸರಿಸಿ, ಸಣ್ಣ ಬಾಟಲಿಯಿಂದ ನೀಲಗಿರಿ ಎಣ್ಣೆ ಸುರಿದುಕೊಂಡು ತಿಕ್ಕತೊಡಗಿದಳು. ಮುಂದಿನ ಸೀಟಿನವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಉಸಿರೆಳೆದುಕೊಂಡು ಕುಳಿತೆ. ಆ ವಾಸನೆ ಬಂತೆಂದರೆ ನನ್ನ ಮಟ್ಟಿಗೆ ಬೈಬಲಮ್ಮ ಬಂದಂತೆ.

ಅವರಿಗೆ ಬೇರೆ ಹೆಸರಿತ್ತು. ಚರ್ಚಿನ ರಿಜಿಸ್ಟರಿನಲ್ಲಿ ಬಿಟ್ಟರೆ ಅದು ಎಲ್ಲೂ ಬಳಕೆಯಾಗಲಿಲ್ಲ. ಮನೆಮನೆಗೆ ಹೋಗಿ ಓದು ಬಾರದ ಹೆಂಗಸರಿಗೆ ಬೈಬಲ್ ಓದಿ ಹೇಳುವುದು, ಕಾಯಿಲೆಯವರನ್ನೂ ಬಾಣಂತಿಯರನ್ನೂ ನೋಡಿ ಪ್ರಾರ್ಥನೆ ಮಾಡಿ ಬರುವುದು ಅವರ ಕೆಲಸ. ಹಾಗಾಗಿ ಬೈಬಲಮ್ಮ. ನಮ್ಮ ಓಣಿಯ ಲಿಂಗಾಯತರ ಮನೆಯವರೂ ಹಾಗೇ ಕರೆಯುತ್ತಿದ್ದರು. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಬಿಳಿ ಸೀರೆ, ಕಂಕುಳಲ್ಲಿ ಬಟ್ಟೆಯ ಚೀಲ, ಅದರಲ್ಲಿ ಕನ್ನಡದ್ದೊಂದು, ತೆಲುಗಿನದ್ದೊಂದು ಬೈಬಲ್, ಜೊತೆಗೆ ಎಣ್ಣೆಯ ಬಾಟಲಿ. ನಡೆದೂ ನಡೆದೂ ಮೊಣಕಾಲು ಸವೆದಿದ್ದವು. ತುಸು ಒರಟು ಮನುಷ್ಯೆ. ರೊಟ್ಟಿ ದಪ್ಪವಾಗಿದ್ದರೆ ಬಡಿದವಳ ಎದುರಿಗೇ ಹೇಳಿಬಿಡುವರು. ಹಾಡಲು ಬರುತ್ತಿರಲಿಲ್ಲ, ಆದರೂ ಚರ್ಚಿನಲ್ಲಿ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದರು...

ಹದಿನೆಂಟು ವರ್ಷದ ಹಿಂದಿನ ಮಾತು. ನನಗೆ ಇಪ್ಪತ್ತೊಂದು. ಜಹೀರಾಬಾದಿನ ಹಾಸ್ಟೆಲಿನಲ್ಲಿದ್ದು ಟೀಚರ್ ಟ್ರೇನಿಂಗ್ ಮುಗಿಸಿ ಮನೆಗೆ ಬಂದಿದ್ದೆ. ಹಾಸ್ಟೆಲಿನಲ್ಲಿ ನನಗೊಬ್ಬ ಗೆಳತಿಯಿದ್ದಳು. ಗೆಳತಿ ಎಂದರೆ ಪೂರ್ತಿ ಹೇಳಿದಂತಾಗುವುದಿಲ್ಲ. ನಾನು ಅವಳನ್ನು ಪ್ರೀತಿಸುತ್ತಿದ್ದೆ, ಅವಳು ನನ್ನನ್ನು. ಬೇರೆ ಹುಡುಗಿಯರು ಹುಡುಗರ ಸುದ್ದಿ ತೆಗೆದು ನಗುವಾಗ ನನ್ನೊಳಗೆ ಏನೂ ಅಲುಗುತ್ತಿರಲಿಲ್ಲ. ನನ್ನ ಮನಸ್ಸು ಹೆಣ್ಣಿನ ಕಡೆಗೇ ಹೋಗುತ್ತದೆ ಎಂಬುದು ಹೈಸ್ಕೂಲಿನಿಂದಲೇ ನನಗೆ ಗೊತ್ತಿತ್ತು. ಅದಕ್ಕೆ ನನಗೆ ಗೊತ್ತಿದ್ದ ಹೆಸರು ಒಂದೇ, ಪಾಪ. ಆದರೂ ದಿನಾ ಸಂಜೆ ನಾವಿಬ್ಬರೂ ಹಾಸ್ಟೆಲಿನ ಮಾಳಿಗೆ ಹತ್ತಿ ಒಟ್ಟಿಗೆ ಪ್ರಾರ್ಥನೆ ಮಾಡುತ್ತಿದ್ದೆವು.

ಅಪ್ಪ ವರ ಗೊತ್ತು ಮಾಡಿದ. ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ನಮ್ಮ ಚರ್ಚಿನ ಸಭೆಯವರೇ, ಒಳ್ಳೆಯ ಹುಡುಗ. ನಾನು ಬೇಡ ಎನ್ನಲಿಲ್ಲ. ಹಾಗೆನ್ನಲು ಕಾರಣ ಏನು ಹೇಳುವುದು? ಗೆಳತಿಗೆ ಸುದ್ದಿ ಬರೆದೆ. ಅವಳಿಂದ ತೆಲುಗಿನಲ್ಲಿ ಎರಡು ಹಾಳೆಯ ಪತ್ರ ಬಂತು. ಅದನ್ನು ಓದಿ ನಾನು ಹಿತ್ತಲಲ್ಲಿ ಅಳುವುದನ್ನು ಅವ್ವ ನೋಡಿದಳು. ಅವ್ವನಿಗೆ ತೆಲುಗು ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ನಾನು ಸ್ನಾನಕ್ಕೆ ಹೋದಾಗ ಪತ್ರ ತೆಗೆದುಕೊಂಡು ನೇರ ಬೈಬಲಮ್ಮನ ಮನೆಗೆ ಹೋದಳು.

ಕೈಗೆ ಬಂದದ್ದನ್ನು ಗಟ್ಟಿಯಾಗಿ ಓದುವುದೇ ಬೈಬಲಮ್ಮನ ಜೀವಮಾನದ ರೂಢಿ. ಮೂರು ನಾಲ್ಕು ಸಾಲು ಓದಿ ತಟ್ಟನೆ ನಿಲ್ಲಿಸಿದರಂತೆ. ಅವ್ವ ಕೈ ಹಿಡಿದುಕೊಂಡು, "ಓದ್ರಿ. ನನ್ನ ಮಗಳಿಂದು ಅದ, ಓದ್ರಿ," ಎಂದಳಂತೆ. ಅವರು ಕೊನೆಯವರೆಗೆ ಓದಿದರು. ಇದನ್ನು ನನಗೆ ಆಮೇಲೆ ಹೇಳಿದವರು ಅವರೇ. "ಸುಳ್ಳ ಓದಬೇಕಿತ್ತು ನೋಡವ್ವಾ. ಬಾಯಿಗಿ ಬರಲಿಲ್ಲ."

ಅವ್ವ ಪತ್ರವನ್ನು ಅಪ್ಪನ ಕೈಗೆ ಕೊಟ್ಟಳು. ಅಪ್ಪ ಹೊಡೆಯಲಿಲ್ಲ. ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಪಾಸ್ಟರ್ ಹತ್ತಿರ ಹೋದ. ಪಾಸ್ಟರ್ ಮತ್ತು ಇಬ್ಬರು ಹಿರಿಯರು ಕೂಡಿ ತೀರ್ಮಾನಿಸಿದರು. ಇದು ಹುಡುಗಿಯ ತಪ್ಪಲ್ಲ, ದೆವ್ವದ ಕಾಟ. ಸೋಮವಾರದಿಂದ ಶನಿವಾರದವರೆಗೆ ಬೈಬಲಮ್ಮನ ಮನೆಯಲ್ಲಿ ಉಪವಾಸ ಪ್ರಾರ್ಥನೆ. ಭಾನುವಾರ ಸಭೆಯ ಮುಂದೆ ದೆವ್ವ ಬಿಟ್ಟುಹೋಯಿತೆಂದು ಬಿಡುಗಡೆಯ ಸಾಕ್ಷಿ. ಆಮೇಲೆ ಮದುವೆ, ಗೊತ್ತಾದ ದಿನಕ್ಕೇ.

ಬೈಬಲಮ್ಮ ಒಪ್ಪಿಕೊಂಡರು. ಅವರು ನನ್ನ ಮೇಲಿನ ಕರುಣೆಯಿಂದ ಉಪಾಯ ಹೂಡಿದರು ಎಂದು ಬರೆಯಲು ನನಗೂ ಆಸೆ, ಆದರೆ ಅದು ನಿಜವಲ್ಲ. ಅವರು ದೆವ್ವವನ್ನು ನಂಬಿದ್ದರು. ಮೊದಲ ದಿನ ಬೆಳಗಿನಿಂದ ಸಂಜೆಯವರೆಗೆ ನನ್ನ ತಲೆಯ ಮೇಲೆ ಎರಡೂ ಕೈ ಒತ್ತಿ ಹಿಡಿದು, "ಹೊರಗ ಬಾ, ಯೇಸುವಿನ ಹೆಸರಿಲೆ ಹೊರಗ ಬಾ," ಎಂದು ಕೂಗಿದರು. ಅವರ ಕಣ್ಣೀರು ನನ್ನ ಕೊರಳಿಗೆ ಇಳಿಯುತ್ತಿತ್ತು. ನಾನು ಅಳಲಿಲ್ಲ. ನೆಲಕ್ಕೆ ಹಾಸಿದ ತಾಂಡೂರು ಕಲ್ಲಿನ ತಣ್ಣಗಿನ ಗೆರೆಗಳನ್ನು ನೋಡುತ್ತಾ, ಏನಾದರೂ ಹೊರಗೆ ಬರುವುದಿದ್ದರೆ ಬಂದುಬಿಡಲಿ ಎಂದು ಕಾಯುತ್ತಿದ್ದೆ. ನಾನೂ ನಂಬಿದ್ದೆ.

ಎರಡನೆಯ ದಿನ ಮಧ್ಯಾಹ್ನ ನಾನು ಎಚ್ಚರ ತಪ್ಪಿ ಬಿದ್ದೆ. ಕಣ್ಣು ಬಿಟ್ಟಾಗ ನನ್ನ ತಲೆ ಅವರ ತೊಡೆಯ ಮೇಲಿತ್ತು. "ಅಯ್ಯೋ ದೇವ್ರ, ಕೂಸಿನ್ನ ಕೊಲ್ಲಾಕ ಹತ್ತಿದ್ನಲ್ಲ ನಾ," ಎಂದು ಎದ್ದು ಒಲೆ ಹೊತ್ತಿಸಿದರು. ಜೋಳದ ಅಂಬಲಿ ಕಾಯಿಸಿ, ಮಜ್ಜಿಗೆ ಕಲಸಿ, ಊದಿ ಊದಿ ಕುಡಿಸಿದರು.

"ಉಪಾಸದ ದಿನ ಅಲ್ರೀ," ಎಂದೆ.

"ಉಪಾಸ ನಾ ಮಾಡ್ತೀನಿ. ನೀ ಉಣ್ಣು."

ಆ ವಾರ ಪೂರ್ತಿ ಹಾಗೆಯೇ ನಡೆಯಿತು. ಅರವತ್ತು ದಾಟಿದ ಆ ಹೆಂಗಸು ಹೊತ್ತು ಮುಳುಗುವವರೆಗೆ ಬರೀ ನೀರು ಕುಡಿದಿರುವುದು, ನನಗೆ ಮೂರು ಹೊತ್ತು ಬಡಿಸುವುದು.

ಗುರುವಾರ ಅವರು ರಾಯಿಕೋಡಿನ ಆಚೆಯ ಒಂದು ಹಳ್ಳಿಗೆ ಹೋಗಲೇಬೇಕಿತ್ತು. ನನ್ನೊಬ್ಬಳನ್ನೇ ಬಿಡುವಂತಿಲ್ಲ, ಕರೆದುಕೊಂಡು ಹೋದರು. ಅಲ್ಲೊಬ್ಬ ಹೆಂಗಸು ಸೊಂಟ ಬಿದ್ದು ತಿಂಗಳುಗಟ್ಟಲೆ ಮಲಗಿದ್ದಳು. ಬೆನ್ನೆಲ್ಲ ಹುಣ್ಣು. ಮನೆಯವರು ಊಟ ಬಾಗಿಲಲ್ಲಿಟ್ಟು ಹೋಗುತ್ತಿದ್ದರು, ವಾಸನೆಗೆ ಒಳಗೆ ಬರುತ್ತಿರಲಿಲ್ಲ. ಬೈಬಲಮ್ಮ ಸೆರಗು ಸಿಕ್ಕಿಸಿ, ಬೇವಿನ ಸೊಪ್ಪು ಹಾಕಿ ನೀರು ಕಾಯಿಸಿದರು. "ಹಿಡಿ," ಎಂದರು ನನಗೆ. ನಾನು ಆಕೆಯನ್ನು ಮಗ್ಗುಲಿಗೆ ಹೊರಳಿಸಿ ಹಿಡಿದುಕೊಂಡೆ. ಅವರು ಒಂದೊಂದೇ ಹುಣ್ಣು ತೊಳೆದರು. ಆಕೆ ನೋವಿಗೆ ನನ್ನ ತೋಳು ಕಚ್ಚಿ ಹಿಡಿದಳು. ನಾನು ಬಿಡಿಸಿಕೊಳ್ಳಲಿಲ್ಲ. ಅವತ್ತು ಅಲ್ಲಿ ಬೈಬಲ್ ಚೀಲದಿಂದ ಹೊರಗೆ ಬರಲೇ ಇಲ್ಲ.

ಹಿಂದಿರುಗುವ ಬಸ್ಸು ತಡವಾಗಿತ್ತು. ರಸ್ತೆ ಬದಿಯ ಬೇವಿನ ಮರದ ಕೆಳಗೆ ಕುಳಿತೆವು. ನನ್ನ ತೋಳಿನ ಮೇಲೆ ಮೂಡಿದ್ದ ಹಲ್ಲಿನ ಗುರುತನ್ನು ಬಹಳ ಹೊತ್ತು ನೋಡಿ ಅವರು ಕೇಳಿದರು. "ಖರೇ ಹೇಳು. ಹಾಸ್ಟೆಲ್‌ದಾಗ ಅಕಿ ಜೋಡಿ ಇದ್ದಾಗ ನೀ ಪ್ರಾರ್ಥನಾ ಮಾಡ್ತಿದ್ದೇನು?"

"ಮಾಡ್ತಿದ್ದೆ. ಇಬ್ಬರೂ ಕೂಡೇ ಮಾಡ್ತಿದ್ವಿ."

"ಏನಂತ ಬೇಡ್ಕೋತಿದ್ರಿ?"

"ಅಕಿ ಅಪ್ಪ ಕುಡಿಯೋದು ಬಿಡ್ಲಿ ಅಂತ. ನನ್ನ ತಮ್ಮ ಪಾಸಾಗ್ಲಿ ಅಂತ. ಹಾಸ್ಟೆಲ್‌ದಾಗ ಒಬ್ಬಾಕಿಗಿ ಫಿಟ್ಸ್ ಬರ್ತಿದ್ವು, ಅಕಿ ಸಲುವಾಗಿ..." ಸ್ವಲ್ಪ ತಡೆದು ಹೇಳಿದೆ, "ನಮ್ಮನ್ನ ಅಗಲಸಬ್ಯಾಡ ಅಂತನೂ."

ಅವರು ಮೊಣಕಾಲು ತಿಕ್ಕತೊಡಗಿದರು. ಎರಡು ಲಾರಿ ಹಾದುಹೋದವು. ಆಮೇಲೆ ನನಗಲ್ಲ, ತಮಗೆ ತಾವೇ ಎಂಬಂತೆ ಹೇಳಿದರು. "ದೆವ್ವ ಇದ್ದಿದ್ರ ಹಂಗ ಬೇಡಾಕ ಬಿಡ್ತಿದ್ದಿಲ್ಲ." ಮತ್ತೆ ನನ್ನ ಕಡೆ ತಿರುಗಿ, "ಇದು ಏನದ ನನಗ ತಿಳಿಯಂಗಿಲ್ಲ ತಂಗಿ. ಆದ್ರ ದೆವ್ವ ಅಲ್ಲ. ನಾ ನಿನ್ನ ತಲಿ ಮ್ಯಾಲ ಕೈ ಇಟ್ಟು ಒದರಿದ್ದು ತಪ್ಪಾತು."

ಆಗ ನಾನು ಅತ್ತೆ. ಬಸ್ಸು ಬಂದರೂ ಅಳು ನಿಲ್ಲಲಿಲ್ಲ. ಕಂಡಕ್ಟರು ಯಾರು ತೀರಿಕೊಂಡರು ಎಂದು ಕೇಳಿದ. "ಯಾರೂ ಇಲ್ಲ, ಟಿಕೆಟ್ ಹರಿ," ಎಂದರು ಬೈಬಲಮ್ಮ.

ಶುಕ್ರವಾರ, ಶನಿವಾರ ಕೂಗಾಟವಿರಲಿಲ್ಲ. ನಾವು ತೊಗರಿ ಬೇಳೆ ಹಸನು ಮಾಡುತ್ತಾ ಕುಳಿತೆವು. ಅವರು ಮಾತ್ರ ಉಪವಾಸ ಬಿಡಲಿಲ್ಲ. ಶನಿವಾರ ಸಂಜೆ ಹೇಳಿದರು. "ನಾಳಿ ನಾ ಕಂಡದ್ದು ಹೇಳ್ತೀನಿ. ನೀ ಏನ್ ಹೇಳ್ತಿ, ಅದು ನಿನಗ ಬಿಟ್ಟದ್ದು."

ಭಾನುವಾರ ಚರ್ಚು ತುಂಬಿತ್ತು. ನನ್ನನ್ನು ಮುಂದೆ ನಿಲ್ಲಿಸಿದರು. ಪಾಸ್ಟರ್ ಮೆಲುದನಿಯಲ್ಲಿ ಕೇಳಿದರು. "ಬೈಬಲಮ್ಮಾ, ದೆವ್ವ ಹೋಗ್ಯದೇನ್ರಿ?"

"ಇಲ್ರಿ. ಹೋಗಾಕ ಅದು ಇರಬೇಕಲ್ರಿ. ಆರು ದಿನ ನೋಡೀನಿ, ಇದ್ದಿಲ್ಲ." ಅವರ ದನಿ ಹಾಡುವಾಗಿನಷ್ಟೇ ಜೋರಾಗಿತ್ತು. "ಈಕಿಗಿ ಮದುವಿ ಮಾಡಬ್ಯಾಡ್ರಿ. ಈಕಿ ಮನಸ್ಸು ಗಂಡಸಿನ ಕಡಿ ಹೋಗಂಗಿಲ್ಲ. ಆ ಹುಡುಗ ಏನ್ ಪಾಪ ಮಾಡ್ಯಾನ? ಇಬ್ಬರ ಬಾಳೂ ಹಾಳಾಗ್ತದ."

ಹಿರಿಯರೊಬ್ಬರು ಎದ್ದು ನಿಂತರು. "ಇದರ ಬಗ್ಗೆ ದೇವರ ವಾಕ್ಯದಾಗ ಏನ್ ಬರದದ, ನಿಮಗ ಗೊತ್ತಿಲ್ಲೇನ್ರಿ?"

"ಗೊತ್ತದರಿ. ನಿಮ್ಮ ಮನ್ಯಾಗೇ ಎಷ್ಟ ಸಲ ಓದೀನಿ. ಓದಿದ್ದೆಲ್ಲ ನನಗ ತಿಳದದ ಅಂತ ನಾ ಎಂದೂ ಅಂದಿಲ್ಲ. ಆದ್ರ ಸುಳ್ಳು ಸಾಕ್ಷಿ ಹೇಳಬ್ಯಾಡ ಅಂತ ಬರದದ್ದು ತಿಳದದರಿ. ಅದರಾಗ ತಿಳೀಲಾರದ್ದು ಏನಿಲ್ಲ."

ಪಾಸ್ಟರ್ ನನ್ನ ಕಡೆ ತಿರುಗಿದರು. "ನೀ ಹೇಳಮ್ಮ. ಅವರು ಅನ್ನೋದು ಖರೇ ಏನು?"

ಮುಂದಿನ ಬೆಂಚಿನಲ್ಲಿ ಅಪ್ಪನ ದವಡೆ ಬಿಗಿದಿತ್ತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಹೌದು ಎಂಬ ಒಂದು ಮಾತು ಸಾಕಿತ್ತು. ನಾನು ಬಾಯಿ ತೆರೆಯಲಿಲ್ಲ. ಪಾಸ್ಟರ್ ಇನ್ನೊಮ್ಮೆ ಕೇಳಿದರು. ನಾನು ನೆಲ ನೋಡುತ್ತಾ ನಿಂತೇ ಇದ್ದೆ. ಬೈಬಲಮ್ಮ ನನ್ನನ್ನು ಒಮ್ಮೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ... ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತೇನೋ. "ಕೂಸಿಗಿ ಕಾಡಬ್ಯಾಡ್ರಿ," ಎಂದು ಹೇಳಿ ಅವರು ಹೋಗಿ ಕುಳಿತುಕೊಂಡರು.

ಮದುವೆ ನಿಂತಿತು. ಅದೇ ವಾರ ಬೈಬಲಮ್ಮನ ಕೆಲಸವೂ ನಿಂತಿತು. ಇನ್ನು ಮುಂದೆ ಸಭೆಯ ಹೆಸರಿನಲ್ಲಿ ಮನೆಮನೆಗೆ ಹೋಗಬಾರದು, ಆರಾಧನೆಯಲ್ಲಿ ವಾಕ್ಯ ಓದಬಾರದು ಎಂದು ಕಮಿಟಿಯವರು ತಿಳಿಸಿದರು. ಅವರು ವಾದಿಸಲಿಲ್ಲ. ಮೂರನೆಯ ದಿನ ಯಾರಿಗೂ ಹೇಳದೆ ಜಹೀರಾಬಾದಿನ ಹಾಸ್ಟೆಲಿಗೆ ಹೋಗಿ, ಅಲ್ಲಿ ವಿಳಾಸ ಪಡೆದು ನನ್ನ ಗೆಳತಿಯ ಊರಿನ ಮನೆ ಮುಟ್ಟಿದರು. ವಾಪಸು ಬಂದು ನಮ್ಮ ಹಿತ್ತಲ ಗೋಡೆಯಾಚೆ ನಿಂತು ನನ್ನನ್ನು ಕರೆದರು. "ಮದುವಿ ಮಾಡಿ ಕಳಿಸ್ಯಾರವ್ವಾ. ಹೋದ ವಾರನೇ," ಎಂದರು. ಗೋಡೆಯ ಮೇಲಿಂದ ಕೈ ಚಾಚಿ ನನ್ನ ತಲೆ ಸವರಿದರು. ಈ ಸಲ ಕೈಯಲ್ಲಿ ಭಾರವಿರಲಿಲ್ಲ.

ಮನೆಯವರು ನನ್ನನ್ನು ತಾಂಡೂರಿಗೆ, ಸಣ್ಣವ್ವನ ಮನೆಗೆ ಕಳಿಸಿದರು. ಲಾರಿಗಳನ್ನು ತೂಗುವ ಕಾಟಾದಲ್ಲಿ ಚೀಟಿ ಬರೆಯುವ ಕೆಲಸ ಸಿಕ್ಕಿತು. ಇಂದಿಗೂ ಅದೇ ಕೆಲಸ. ಒಬ್ಬಳೇ ಇದ್ದೇನೆ, ಆದರೆ ಹೆದರಿಕೊಂಡು ಇಲ್ಲ. ನನಗೆ ಗೊತ್ತು ಮಾಡಿದ್ದ ಆ ಹುಡುಗನೂ ಕಲ್ಲಿನ ಲಾರಿಯ ಜೊತೆ ಕಾಟಾಕ್ಕೆ ಬರುತ್ತಾನೆ. ಅವನಿಗೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಒಮ್ಮೆ ಚೀಟಿ ಇಸಿದುಕೊಳ್ಳುತ್ತಾ ಕೆಳಗೆ ನೋಡಿ ಹೇಳಿದ. "ಆ ಅಮ್ಮಾರು ನನಗೂ ಉಪಕಾರ ಮಾಡ್ಯಾರ್ರಿ. ನಿಮಗ ಭೆಟ್ಟಿ ಆದ್ರ ಹೇಳ್ರಿ."

ನಾನು ಹೇಳಲಿಲ್ಲ. ಭೇಟಿಯಾಗುವುದನ್ನೇ ಕಡಿಮೆ ಮಾಡಿದ್ದೆ. ನಾರಾಯಣಖೇಡಕ್ಕೆ ಹೋದರೂ ಅವರ ಮನೆಯ ಓಣಿ ತಪ್ಪಿಸಿ ನಡೆಯುತ್ತಿದ್ದೆ. ಅವರು ಕೊನೆಯ ಬೆಂಚಿನಲ್ಲಿ ಕೂಡುತ್ತಾರೆ, ಈಗಲೂ ಜೋರಾಗಿ ಹಾಡುತ್ತಾರೆ, ಹೆಂಗಸರು ಅವರನ್ನು ಹಿತ್ತಲ ಬಾಗಿಲಿನಿಂದ ಕರೆದು ಓದಿಸಿಕೊಳ್ಳುತ್ತಾರೆ ಎಂಬ ಸುದ್ದಿ ಅವ್ವನಿಂದ ತಿಳಿಯುತ್ತಿತ್ತು.

ಒಂದು ಸಲ ಅವರೇ ತಾಂಡೂರಿಗೆ ಬಂದರು. ಕಾಟಾದ ಪುಟ್ಟ ಕೋಣೆಯಲ್ಲಿ ಸ್ಟೂಲಿನ ಮೇಲೆ ಕುಳಿತು ಚಹಾ ಕುಡಿದರು. "ಚರ್ಚಿಗಿ ಹೋಗ್ತಿಯೇನು?" ಎಂದರು.

"ಇಲ್ರಿ."

"ನನಗ ಓದಬ್ಯಾಡ ಅಂದವರು ಮನಷ್ಯಾರು. ಮ್ಯಾಲಿನಾತ ಏನ್ ಅಂದಾನ? ನೀ ಹೋಗು."

ನಾನು ಅಷ್ಟು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಹೊರಗೆ ತೆಗೆಯಲು ನೋಡಿದೆ. "ಅಮ್ಮಾರ, ಅವತ್ತ ನಾ ಬಾಯಿ ಬಿಡಬೇಕಿತ್ತ್ರಿ..."

"ಚಾ ಆರ್ತದ. ಕುಡಿ ಮೊದಲ," ಎಂದರು.

ಮುಂದಿನ ಭಾನುವಾರದಿಂದ ನಾನು ತಾಂಡೂರಿನ ಚರ್ಚಿಗೆ ಹೋಗತೊಡಗಿದೆ. ಅದನ್ನು ಅವರಿಗೆ ತಿಳಿಸಬೇಕು ಎಂದುಕೊಂಡೆ, ನಾಳೆ ನಾಡಿದ್ದು ಎಂದುಕೊಂಡೆ... ಮೂರು ವರ್ಷದ ಹಿಂದೆ, ಚಳಿಗಾಲದಲ್ಲಿ, ತಮ್ಮ ಫೋನು ಮಾಡಿದ. ಬೇರೇನೋ ಮಾತಾಡುತ್ತಾ ನಡುವೆ, ಬೈಬಲಮ್ಮ ಹೋಗಿ ಹದಿನೈದು ದಿನವಾಯಿತು ಎಂದ.

ಈ ಸಲ ಅವ್ವನ ಹತ್ತಿರ ಇದ್ದಾಗ ನಡುವೆ ಭಾನುವಾರ ಬಂತು. ಕಪ್ಪು ಕನ್ನಡಕದ ಅವ್ವನ ಕೈ ಹಿಡಿದು ಚರ್ಚಿಗೆ ಕರೆದುಕೊಂಡು ಹೋದೆ. ಅಪ್ಪ ಈಗಿಲ್ಲ. ಪಾಸ್ಟರ್ ಹೊಸಬರು, ಚಿಕ್ಕ ವಯಸ್ಸಿನವರು. ಹಾಡು ಮುಗಿದ ಮೇಲೆ, "ಯಾರಾದ್ರೂ ಸಾಕ್ಷಿ ಹೇಳೋರಿದ್ರ ಹೇಳ್ರಿ," ಎಂದರು. ಪ್ರತಿ ವಾರ ಕೇಳುವ ಮಾತು. ನಾನು ಏನೂ ಯೋಚಿಸಿರಲಿಲ್ಲ. ಎದ್ದು ನಿಂತಿದ್ದೆ.

"ಹದಿನೆಂಟು ವರ್ಷದ ಹಿಂದ ಇಲ್ಲೇ ಬೈಬಲಮ್ಮ ನನ್ನ ಬಗ್ಗೆ ಒಂದು ಮಾತು ಹೇಳಿದ್ರು. ಅದು ಖರೇ ಇತ್ತು. ಅವರು ಹೇಳಿದ್ದೆಲ್ಲ ಖರೇ. ನಾ ಅವತ್ತ ಸುಮ್ಮನಿದ್ದೆ. ನನ್ನ ತಪ್ಪು." ಅಷ್ಟೇ ಹೇಳಲು ಬಂತು. ಕುಳಿತೆ.

ಅವತ್ತಿನವರಲ್ಲಿ ನಾಲ್ಕೈದು ಮಂದಿ ಇದ್ದರು. ಯಾರೂ ತಿರುಗಿ ನೋಡಲಿಲ್ಲ, ಯಾರೂ ಎದ್ದು ಹೋಗಲೂ ಇಲ್ಲ. ಹೊಸ ಪಾಸ್ಟರಿಗೆ ಏನೂ ತಿಳಿಯಲಿಲ್ಲ. ದೇವರಿಗೆ ಸ್ತೋತ್ರ ಎಂದು ಹೇಳಿ ಮುಂದಿನ ಹಾಡಿನ ನಂಬರು ಓದಿದರು.

ಮನೆಗೆ ಬರುವ ದಾರಿಯಲ್ಲಿ ಅವ್ವ ಚರಂಡಿ ದಾಟುವಲ್ಲಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು, "ಬೈಬಲಮ್ಮ ಇದ್ದಾಗ ಹೇಳಬೇಕಿತ್ತು," ಎಂದಳು.

"ಹೂಂ," ಎಂದೆ.

"ನಾನೂ ಹೇಳಬೇಕಿತ್ತು," ಎಂದಳು ಅವ್ವ.