ಬಾಗಿಲಿನಿಂದ ಮಾಡಿದ ಗಿಟಾರ್

ಕಳೆದ ತಿಂಗಳು ಒಂದು ಮಧ್ಯಾಹ್ನ ನಮ್ಮ ಎದುರು ಮನೆಯ ಮೌನೇಶ ಎದೆಯೆತ್ತರದ ರಟ್ಟಿನ ಪೆಟ್ಟಿಗೆಯೊಂದನ್ನು ತಬ್ಬಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದ. ಸದ್ದು ಬರಬಾರದಿತ್ತು. ಬಂತು.

ಟಕ್. ಟಕ್. ಟಕ್.

ಒಳಗಿದ್ದದ್ದು ಗಿಟಾರ್. ಅವನೇ ಕೈಯಾರೆ ಮಾಡಿದ್ದು. (ಗಜೇಂದ್ರಗಡದಲ್ಲಿ ಗಿಟಾರ್ ಮಾಡುವವರಿದ್ದಾರಾ ಎಂದು ಕೇಳಬೇಡಿ. ಒಬ್ಬನಿದ್ದಾನೆ. ಹಿಂದೊಮ್ಮೆ ಇದೇ ಅಂಕಣದಲ್ಲಿ ಬರೆದಿದ್ದೆ, ನೀವು ಮರೆತಿರಬಹುದು.) ಅವನ ಅಪ್ಪ ಕೈಮಗ್ಗ ಮಾಡಿಕೊಡುತ್ತಿದ್ದ ಬಡಿಗ. ಮೌನೇಶ ಪುಣೆಯ ವಾದ್ಯ ರಿಪೇರಿ ಅಂಗಡಿಯೊಂದರಲ್ಲಿ ಕೆಲವು ವರ್ಷ ಇದ್ದು ಊರಿಗೆ ಮರಳಿದ. ಹೆಂಡತಿ ರೇಣವ್ವ ಒಳಮನೆಯಲ್ಲಿ ಸೀರೆ ನೇಯುತ್ತಾಳೆ, ಇವನು ಪಡಸಾಲೆಯಲ್ಲಿ ಗಿಟಾರ್ ಮಾಡುತ್ತಾನೆ.

ನಾನು ಬರೆದದ್ದನ್ನು ಓದಿ ಬೆಳಗಾವಿಯಿಂದ ಒಂದು ಫೋನ್ ಬಂದಿತ್ತು. ಹೆಸರು ಗಿರಿಜಾ. ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ನರ್ಸಿಂಗ್ ಹಾಸ್ಟೆಲ್ಲಿನಲ್ಲಿ ರೂಮ್‌ಮೇಟ್ ಹತ್ತಿರ ಗಿಟಾರ್ ಕಲಿತಾಕೆ. ಒಂದು ಗಿಟಾರ್ ಬೇಕು, ಆದರೆ ಕಟ್ಟಿಗೆ ಮಾತ್ರ ತಾನು ಕೊಟ್ಟದ್ದೇ ಆಗಬೇಕು ಎಂದರು. ಅವರ ತವರು ಹೊಳೆದಂಡೆಯ ಮೆಣಸಗಿ. ಹೊಳೆ ಉಕ್ಕಿ ಬಂದಾಗ ಬಿದ್ದುಹೋದ ಮನೆಯ ಸಾಗವಾನಿ ಬಾಗಿಲೊಂದು ಯಾವಗಲ್ಲಿನ ಸೋದರಮಾವನ ಕೊಟ್ಟಿಗೆಯಲ್ಲಿತ್ತು. ಹುಟ್ಟಿದ ಮನೆಯ ನೆನಪಿಗೆ ಇರಬೇಕು ಅಂದುಕೊಂಡೆವು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ, ಅಲ್ಲವೆ?

ಬಾಗಿಲನ್ನು ಮಾವ ಟ್ರ್ಯಾಕ್ಟರಿನಲ್ಲಿ ತಂದ. ರೇಣವ್ವ ಚಹಾಕ್ಕಿಟ್ಟಿದ್ದಳು. ಆತ ಕೂಡಲಿಲ್ಲ. "ಲಗೂ ಇಳಿಸ್ಕೊರಿ" ಎಂದವನು ಬಾಗಿಲು ಇಳಿದ ಮೇಲೆ ಒಮ್ಮೆಯೂ ಅದರತ್ತ ನೋಡದೆ ಟ್ರ್ಯಾಕ್ಟರ್ ತಿರುಗಿಸಿದ.

ಆ ಬಾಗಿಲನ್ನು ಕೊಯ್ದು, ತೆಳ್ಳಗೆ ಮಾಡಿ, ಕಾಯಿಸಿ ಬಗ್ಗಿಸಿ, ಮೌನೇಶ ಗಿಟಾರಿನ ಬೆನ್ನು ಮತ್ತು ಪಕ್ಕೆಗಳನ್ನು ಮಾಡಿದ. ಚೆಂದವಾಗಿತ್ತು. ದೂರದ ಊರಿಗೆ ಹೋಗುತ್ತಿದ್ದ ಅವನ ಮೊದಲ ಗಿಟಾರ್ ಅದು. ಒಡೆದು ತಲುಪಿದರೆ? ಅವನಿಗಿಂತ ನನಗೇ ಹೆಚ್ಚು ದಿಗಿಲು. ಬರೆದು ಇಬ್ಬರಿಗೂ ಗಂಟು ಹಾಕಿದವಳು ನಾನಲ್ಲವೆ?

ಹಾಗಾಗಿ ಪ್ಯಾಕಿಂಗಿಗೆ ನಾನೂ ಕುಳಿತೆ. ತಂತಿ ಸಡಿಲಿಸಬೇಕು, ಪೂರ್ತಿ ಬಿಚ್ಚಬಾರದು. ತಂತಿಯ ಕೆಳಗೆ ಮೆತ್ತನೆಯ ಬಟ್ಟೆ. ಕತ್ತಿನ ಕೆಳಗೆ ದಿಂಬು, ಪೆಟ್ಟಿಗೆ ಬಿದ್ದರೆ ಮೊದಲು ಮುರಿಯುವುದು ಕತ್ತೇ. ಅದನ್ನೆಲ್ಲ ಗಟ್ಟಿ ಕೇಸಿನಲ್ಲಿಟ್ಟು, ಕೇಸನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಸಂದಿಯಲ್ಲೆಲ್ಲ ರೇಣವ್ವನ ಹಳೆಯ ಸೀರೆಗಳನ್ನು ತುರುಕಿದೆವು. ಕೊನೆಗೆ ಟೇಪು. ಆಮೇಲೆ ಅಲ್ಲಾಡಿಸಿ ನೋಡಬೇಕು. ಒಳಗೆ ಏನೂ ಕದಲಬಾರದು.

ಆಗಲೇ ಬಂದದ್ದು ಆ ಸದ್ದು.

"ಅಕ್ಕಾರ, ಒಳಗ ಏನರ ಬಿಟ್ಟೇನೇನ್ರಿ?" ಎಂದ ಮೌನೇಶ. ಟೇಪು ಹರಿದು ಎಲ್ಲ ಹೊರತೆಗೆದ. ಗಿಟಾರಿನ ಹೊಟ್ಟೆಯೊಳಗೆ ಟಾರ್ಚ್ ಬಿಟ್ಟು, ಸಣ್ಣ ಕನ್ನಡಿ ಹಿಡಿದು ನೋಡಿದ. ಅಂಟು ಬಿಟ್ಟಿರಲಿಲ್ಲ. ಒಂದು ಚಕ್ಕೆಯೂ ಇರಲಿಲ್ಲ. ಮತ್ತೆ ತುಂಬಿದೆವು, ಟೇಪು ಹಚ್ಚಿದೆವು.

ಈ ಸಲ ಯಾರೂ ಅಲ್ಲಾಡಿಸಲಿಲ್ಲ. ಪೆಟ್ಟಿಗೆ ಪಡಸಾಲೆಯ ನಡುವೆ ಮಲಗಿತ್ತು. ಕರೆಂಟ್ ಹೋಗಿ ಓಣಿಯೆಲ್ಲ ಗಪ್ಪಾಗಿತ್ತು.

ಟಕ್. ಟಕ್. ಟಕ್. ಸ್ವಲ್ಪ ಬಿಟ್ಟು, ಮತ್ತೆ ಮೂರು.

ಬಿಸಿಲಿಗೆ ಕಟ್ಟಿಗೆ ಸೆಟೆಯುತ್ತದೆ ಎಂದೆ ನಾನು. (ಗೊತ್ತಿಲ್ಲದಿದ್ದಾಗ ಸೈನ್ಸ್ ಮಾತಾಡುವುದು ನನ್ನ ಅಭ್ಯಾಸ.) ಮೌನೇಶ ಟೇಪು ಕಿತ್ತು, ಕೇಸಿನ ಮುಚ್ಚಳ ಎತ್ತಿದ. ನಿಂತಿತು. ಮುಚ್ಚಿದ. ಶುರುವಾಯಿತು. ಎತ್ತಿದ. ನಿಂತಿತು. ನಾಲ್ಕನೆಯ ಸಲಕ್ಕೆ ಮುಚ್ಚಳವನ್ನು ತೆರೆದೇ ಬಿಟ್ಟು ಹಿಂದೆ ಸರಿದ.

ಒಳಮನೆಯಲ್ಲಿ ಮಗ್ಗದ ಸದ್ದು ಯಾವಾಗಲೋ ನಿಂತಿತ್ತು. ರೇಣವ್ವ ಬಾಗಿಲಲ್ಲಿ ನಿಂತಿದ್ದಳು. "ಕಟ್ಟಿಗಿ ಸದ್ದಲ್ಲ ಅದು," ಎಂದಳು. "ಯಾರೋ ಬಾಗಲಾ ಬಡಿಯಾಕತ್ತಾರ."

ಬೆಳಗಾವಿಗೆ ಫೋನ್ ಹಚ್ಚಿದೆ. ಏನೆಂದು ಹೇಳುವುದು? ಪ್ಯಾಕಿಂಗಿನಲ್ಲಿ ಸಣ್ಣ ತೊಂದರೆ, ಮುಚ್ಚಿದರೆ ಏನೋ ಬಡಿದಂತಾಗುತ್ತದೆ ಎಂದೆ.

"ಎಷ್ಟ ಸಲ ಬಡೀತದ್ರಿ, ಮೇಡಂ?"

"ಮೂರು. ಆಮೇಲೆ ಮತ್ತೆ ಮೂರು."

"ಹೌದ್ರಿ. ಹಂಗ ಬಡೀತಿದ್ಲು."

ಆಮೇಲೆ ಗಿರಿಜಾ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. "ಹೊಳಿ ಬಂದ ದಿನ ನಾವೆಲ್ಲಾ ಸಾಲಿ ಹತ್ರ ಎತ್ತರಕ್ಕ ಹೋಗಿದ್ವಿರಿ. ಸರ್ಟಿಫಿಕೇಟ್ ಎಲ್ಲಾ ಮನ್ಯಾಗ ಉಳದಾವಂತ ನಾ ಅಳಾಕತ್ತಿದ್ನಿ. ಅವ್ವ ತರ್ತೀನಂತ ತಿರುಗಿ ಹೋದ್ಲು. ನಾ ಹಿಂದ ಹೋಗೂದ್ರಾಗ ಬಾಗಲಾ ನೀರಿಗೆ ಉಬ್ಬಿ ಕುಂತಿತ್ತು. ಆಕಿ ಒಳಗಿಂದ ಬಡಿಯಾಕತ್ತಿದ್ಲು. ನಾ ಹೊರಗಿಂದ ದೂಡಾಕತ್ತಿದ್ನಿ. ನೀರು ಎದಿಮಟ ಬಂತು. ಮಂದಿ ಬಂದು ನನ್ನ ಎಳ್ಕೊಂಡ ಹೋದ್ರು. ಎಳ್ಕೊಂಡ ಹೋಗುವಾಗೂ ಕೇಳಸ್ತಿತ್ತು."

ಮೌನೇಶ ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡು, ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ. ಆ ಬಾಗಿಲನ್ನು ಕೊಯ್ದ ಕೈಗಳು.

"ಮುಚ್ಚಬ್ಯಾಡ್ರಿ," ಎಂದರು ಗಿರಿಜಾ. "ಕೊರಿಯರ್ ಬ್ಯಾಡ. ನಾನ ಬಂದು ಒಯ್ತೀನಿ."

ಅವರು ಬರುವವರೆಗೆ ನಾಲ್ಕು ದಿನ ಗಿಟಾರ್ ತೆರೆದ ಕೇಸಿನಲ್ಲಿ ಪಡಸಾಲೆಯಲ್ಲೇ ಇತ್ತು. ಮೌನೇಶ ಬೇರೆ ಕೆಲಸ ಮುಟ್ಟಲಿಲ್ಲ. ಮನೆಯ ಬೆಕ್ಕು ಆ ಪಡಸಾಲೆ ತುಳಿಯಲಿಲ್ಲ. (ಬೆಕ್ಕಿಗೆ ಯಾರು ಕಥೆ ಹೇಳಿದ್ದರು?)

ಭಾನುವಾರ ಗಿರಿಜಾ ಬಂದರು. ಮೂವತ್ತರ ಆಸುಪಾಸಿನ, ಮೆಲುಮಾತಿನ ಹೆಂಗಸು. ಬಂದವರೇ ಗಿಟಾರನ್ನು ಮಗುಚಿ, ಬೆನ್ನಿನ ಹಲಗೆಯ ಮೇಲೆ ಅಂಗೈಯಿಟ್ಟು ಕುಳಿತರು. ನಾಡಿ ನೋಡುವವರ ಹಾಗೆ.

ಮೌನೇಶ ತಲೆ ತಗ್ಗಿಸಿ ಕೇಳಿದ: "ಅಕ್ಕಾರ, ಗೊತ್ತಿದ್ರ ನಾ ಗರಗಸಾ ಹಚ್ಚತಿರಲಿಲ್ಲ. ತಪ್ಪಾತೇನ್ರಿ?"

"ಇಲ್ರಿ, ಅಣ್ಣಾರ. ಬಾಗಲದ ಬಾಜು ಕಟ್ಟಿದ ದನ ಹಗ್ಗ ಹರಕೋತಾವ, ಸುಟ್ಟ ಬಿಡೂಣಂದ ಮಾವ. ನನಗ ಆಗ್ಲಿಲ್ಲ. ಮತ್ತ ಬಾಗಲಾ ಮಾಡಿಸಿದ್ರ ಯಾರರ ಮುಚ್ಚತಾರ. ಗಿಟಾರಿಗೆ ನಡುವ ತೂತ ಇರ್ತದಲ್ರಿ? ಅದನ್ನ ಯಾರೂ ಮುಚ್ಚೂದಿಲ್ಲ."

ರೇಣವ್ವ ಎದ್ದು ಹೋಗಿ ಆಗಷ್ಟೇ ಮಗ್ಗದಿಂದ ಇಳಿಸಿದ ಹೊಸ ಸೀರೆ ತಂದಳು. ಗಿಟಾರಿನ ಕತ್ತಿಗೆ ಸುತ್ತಿದಳು, ಮೈಗೆ ಸುತ್ತಿದಳು, ನಡುವಿನ ತೂತು ಮಾತ್ರ ಬಿಟ್ಟಳು. ಬಾಣಂತನ ಮುಗಿಸಿ ಹೊರಟವರಿಗೆ ಸೆರಗು ಸರಿಮಾಡುವ ಹಾಗೆ.

ರೋಣದ ಬಸ್ಸು ಹತ್ತಿಸಿದೆವು. ಕಂಡಕ್ಟರ್ "ಮ್ಯಾಲೆ ಇಡ್ರಿ, ಜಾಗಾ ಅದ" ಎಂದ. ಗಿರಿಜಾ "ತೊಡಿ ಮ್ಯಾಲೆ ಇರ್ಲಿರಿ" ಎಂದರು. ಕಿಟಕಿಯ ಗಾಜು ಪೂರ್ತಿ ಸರಿಸಿ ಕುಳಿತರು. ಧೂಳು ಬರುತ್ತಿತ್ತು, ಮುಚ್ಚಲಿಲ್ಲ. ಸಂಜೆ ಫೋನ್ ಬಂತು: ನರಗುಂದದಲ್ಲಿ ಬಸ್ಸು ಬದಲಿಸಿ ಕೊಣ್ಣೂರು ದಾಟಿದ್ದಾರೆ. "ಅದ ಹೊಳಿ ಬ್ರಿಜ್ ಮ್ಯಾಲೆ ಬಂದಾಗ ಹಲಗಿ ಭಾಳ ತಣ್ಣಗಾತ್ರಿ. ದಾಟಿದ ಮ್ಯಾಲೆ ಸರಿಯಾತು."

ಮೊನ್ನೆ ನಾನೇ ಫೋನ್ ಮಾಡಿ ವಿಚಾರಿಸಿದೆ. ಚಲೋ ನುಡಿಯುತ್ತದಂತೆ. ಡ್ಯೂಟಿ ಮುಗಿದ ಮೇಲೆ ದಿನಾ ಸ್ವಲ್ಪ ಹೊತ್ತು ನುಡಿಸುತ್ತಾರಂತೆ. ಕೇಳಲೋ ಬೇಡವೋ ಎನ್ನುತ್ತಲೇ ಕೇಳಿದೆ: ಆ ಸದ್ದು?

"ಬರ್ತದ್ರಿ. ಮನಿ ಬಾಗಲಾ ಹಾಕ್ಕೊಂಡಾಗ," ಎಂದರು, ಹಾಲು ಉಕ್ಕಿತು ಎನ್ನುವಷ್ಟು ಸಹಜವಾಗಿ. "ಎದ್ದ ಹೋಗಿ ತಗೀತೀನಿ."

ನಾವಾದರೆ ಎದ್ದು ಹೋಗುತ್ತಿದ್ದೆವಾ, ಇಲ್ಲಾ ಟಿವಿ ಸೌಂಡ್ ಜಾಸ್ತಿ ಮಾಡುತ್ತಿದ್ದೆವಾ?