ಹವಾಲ್ದಾರ್ ಪದ್ಮಯ್ಯನವರ ಅಂದಾಜು

ಆಲೆಟ್ಟಿಯ ಪದ್ಮಯ್ಯ ಸೇನೆಯಲ್ಲಿ ಹವಾಲ್ದಾರರಾಗಿದ್ದವರು. ಹೊಸದಾಗಿ ಭರ್ತಿಯಾದವರಿಗೆ ತರಬೇತಿ ಕೊಡುವುದೇ ಅವರ ಕೆಲಸವಾಗಿತ್ತು. ನಿವೃತ್ತರಾಗಿ ಬಂದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾರದೆ, ಸೇನೆ ಸೇರಬೇಕೆನ್ನುವವರನ್ನು ಸುಳ್ಯದ ಮೈದಾನದಲ್ಲಿ ಬೆಳ್ಳಂಬೆಳಿಗ್ಗೆ ಓಡಿಸತೊಡಗಿದರು. ಯಾರು ತರಬೇತಿ ಮುಗಿಸುತ್ತಾರೆ, ಯಾರು ವಾರದೊಳಗೆ ಅಮ್ಮನನ್ನು ನೆನೆದು ಅಳುತ್ತಾರೆ ಎಂದು ಮುಖ ನೋಡಿಯೇ ಹೇಳುತ್ತಿದ್ದರು. ಆ ಅಂದಾಜಿನ ಬಗ್ಗೆ ಅವರಿಗೆ ಸ್ವಲ್ಪ ಹಮ್ಮೂ ಇತ್ತು, ಸುಳ್ಳು ಯಾಕೆ ಹೇಳಬೇಕು.

ಈಗ ಸೇನೆಯ ಭರ್ತಿಯಲ್ಲಿ ಆ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಪರದೆಯ ಮೇಲೆ ಒಂದೊಂದೇ ವಾಕ್ಯ ಬರುತ್ತದೆ. 'ಕಷ್ಟ ಬಂದರೆ ನಾನು ಹೆದರುವುದಿಲ್ಲ.' 'ನಾನು ಇತರರನ್ನು ಮುನ್ನಡೆಸಬಲ್ಲೆ.' ಖಂಡಿತ ಹೌದು, ಹೇಳಲಾಗದು, ಖಂಡಿತ ಅಲ್ಲ, ಈ ಮೂರರಲ್ಲಿ ಒಂದನ್ನು ಒತ್ತಬೇಕು. ಬಿದ್ದ ಅಂಕ ನೋಡಿ, ತರಬೇತಿಯಲ್ಲಿ ಯಾರು ನಿಲ್ಲುತ್ತಾರೆಂದು ತೀರ್ಮಾನಿಸುತ್ತಾರೆ.

ಪದ್ಮಯ್ಯನವರ ಬಳಿ ತಯಾರಾಗುತ್ತಿದ್ದ, ಅದೇ ಊರಿನ ನೀಲಾವತಿಯ ಮಗಳು ಮೋಕ್ಷಿತಾ ಲಿಖಿತ ಪರೀಕ್ಷೆ ಪಾಸಾಗಿದ್ದಳು, ಓಟದಲ್ಲಿ ಎಲ್ಲರಿಗಿಂತ ಮುಂದಿದ್ದಳು. ವಯಸ್ಸಿನ ಮಿತಿಯಿಂದಾಗಿ ಅವಳಿಗೆ ಇದೇ ಕೊನೆಯ ಅವಕಾಶ. "ಇವಳದ್ದು ಆಯ್ತು ಅಂತಲೇ ತಿಳ್ಕೊಳ್ಳಿ" ಎಂದು ಪದ್ಮಯ್ಯ ಅವಳ ತಾಯಿಗೆ ಹೇಳಿಬಿಟ್ಟಿದ್ದರು. ಹುಡುಗಿ ಫೇಲಾದದ್ದು ಆ ಕಂಪ್ಯೂಟರಿನ ಮುಂದೆ.

"ಎಂತ ಒತ್ತಿದ್ದು ನೀನು?" ಪದ್ಮಯ್ಯ ಮೈದಾನದಲ್ಲೇ ವಿಚಾರಣೆ ಶುರು ಮಾಡಿದರು.

"ಎಲ್ಲದಕ್ಕೂ ನಡುವಿನದ್ದು ಸಾರ್. ನನಗೆ ಧೈರ್ಯ ಉಂಟು ಅಂತ ನಾನೇ ಹೇಳುದಾ? ಜಂಬ ಆಗುದಿಲ್ವಾ?"

ಪದ್ಮಯ್ಯ ತಲೆ ಚಚ್ಚಿಕೊಂಡರು. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳುವುದು? ನಮ್ಮ ಕಡೆ ಕಬಡ್ಡಿಯಲ್ಲಿ ಎದುರಿನ ತಂಡವನ್ನು ಗುಡಿಸಿ ಬಂದವನೂ, ಕೇಳಿದರೆ, ಹೀಗೇ ಸ್ವಲ್ಪ ಆಡುವುದು ಎನ್ನುತ್ತಾನೆ. ತನ್ನನ್ನು ತಾನೇ ಹೊಗಳಿಕೊಳ್ಳುವವರನ್ನು ಕಂಡರೆ ಊರಿಗೇ ಆಗುವುದಿಲ್ಲ. ಹಾಗೆ ಬೆಳೆದ ಹುಡುಗಿ ಎಲ್ಲದಕ್ಕೂ 'ಹೇಳಲಾಗದು' ಎಂದರೆ ಯಂತ್ರವಾದರೂ ಅಂಕವನ್ನು ಎಲ್ಲಿಂದ ತಂದು ಕೊಡಬೇಕು? ಅಷ್ಟೆಲ್ಲ ಓಡಿಸಿ, ಲಿಖಿತ ಪರೀಕ್ಷೆಗೆಂದು ಲೆಕ್ಕ ಮಾಡಿಸಿದ ಪದ್ಮಯ್ಯನವರಿಗೆ ಇದೊಂದನ್ನು ಹೇಳಿಕೊಡಬೇಕೆಂದು ಹೊಳೆದೇ ಇರಲಿಲ್ಲ.

"ಅದು ಜಂಬ ಅಲ್ಲ ಮಾರಾಯ್ತಿ! ಅವರು ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳುದು!"

ಮೋಕ್ಷಿತಾ ಅಳಲಿಲ್ಲ. ಅತ್ತಿದ್ದರೆ ಬೈದಾದರೂ ಸಮಾಧಾನ ಮಾಡಬಹುದಿತ್ತು. ಬೂಟಿನ ಲೇಸು ಬಿಚ್ಚುತ್ತಾ ಮೆಲ್ಲಗೆ ಕೇಳಿದಳು: "ಸಾರ್, ಅಷ್ಟು ದೊಡ್ಡ ಪರೀಕ್ಷೆ ತಪ್ಪು ಹೇಳ್ತದಾ? ನಾನು ನಿಜವಾಗಿ ಹೆದರುವವಳೇ ಇರ್ಬಹುದಾ?"

"ಅಲ್ಲ!" ಎಂದು ಪದ್ಮಯ್ಯ ಇಡೀ ಮೈದಾನಕ್ಕೆ ಕೇಳುವ ಹಾಗೆ ಕೂಗಿದರು. ಅವಳಿಗೆ ನಂಬಿಕೆ ಬರಲಿಲ್ಲ.